ಅಂಗೈಯಲ್ಲಿನ ಅಪ್ಪಣೆ

ತಾನಿದ್ದ ಕಡೆಯಿಂದ ಕದಲದೆ ದೂರದ ವಸ್ತುವನ್ನು ಆಡಿಸಬೇಕೆಂಬ ಆಸೆ ಮನುಷ್ಯನಿಗೆ ಹೊಸದಲ್ಲ. ಎತ್ತಿನ ಮೂಗುದಾರ, ಗಾಳಿಪಟದ ದಾರ, ಬಾವಿಯ ಕೊಡಕ್ಕೆ ಕಟ್ಟಿದ ಹಗ್ಗ, ಗೊಂಬೆಯನ್ನು ಕುಣಿಸುವ ಸೂತ್ರ, ಇವೆಲ್ಲವೂ ಆ ಆಸೆಯ ಫಲಗಳೇ. ಇವುಗಳಲ್ಲೆಲ್ಲ ಒಂದು ಸಂಗತಿ ಸಮಾನವಾಗಿದೆ. ಆಡಿಸುವವನಿಗೂ ಆಡುವ ವಸ್ತುವಿಗೂ ನಡುವೆ ಕಣ್ಣಿಗೆ ಕಾಣುವ ಒಂದು ಎಳೆ ಇದ್ದೇ ಇರುತ್ತದೆ. ದಾರ ಹರಿದೊಡನೆ ಆಡಿಸುವವನ ಅಧಿಕಾರ ಮುಗಿಯಿತು. ಗಾಳಿಪಟ ಗಾಳಿಯ ಪಾಲಾಯಿತು. ಸುಮಾರು ನೂರಿಪ್ಪತ್ತೈದು ವರ್ಷಗಳಿಂದೀಚೆಗೆ ಈ ಎಳೆ ಕಣ್ಣಿಗೆ ಮರೆಯಾಗಿದೆ. ಇಂದು ಮೈಸೂರಿನ ಮನೆಯೊಂದರ ಜಗಲಿಯ ದೀಪವನ್ನು ಮುಂಬಯಿಯಲ್ಲಿರುವ ಮಗನು ತನ್ನ ಮೊಬೈಲು ಫೋನಿನ ಗಾಜನ್ನು ಬೆರಳಿನಿಂದ ಮುಟ್ಟಿ ಹೊತ್ತಿಸಬಲ್ಲನು. ಎಳೆ ಕಾಣದು ಎಂದ ಮಾತ್ರಕ್ಕೆ ಎಳೆಯೇ ಇಲ್ಲವೆಂದು ತಿಳಿಯಬಾರದು. ಅದು ಎಲ್ಲಿ ಹುಟ್ಟಿ, ಎಲ್ಲೆಲ್ಲಿ ಹಾದು, ಯಾರ ಯಾರ ಕೈಗಳನ್ನು ದಾಟಿ ಆ ದೀಪವನ್ನು ತಲುಪುತ್ತದೆಂಬುದನ್ನು ವಿಚಾರಿಸುವುದೇ ಈ ಬರಹದ ಉದ್ದೇಶ.

ಕಾಣದ ಎಳೆಯನ್ನು ಮೊದಮೊದಲು ಜನರ ಮುಂದೆ ಆಡಿಸಿ ತೋರಿಸಿದವರಲ್ಲಿ ನಮ್ಮ ದೇಶದ ವಿಜ್ಞಾನಿ ಜಗದೀಶಚಂದ್ರ ಬೋಸರೂ ಒಬ್ಬರು. 1890ರ ದಶಕದ ಮಧ್ಯಭಾಗದಲ್ಲಿ ಅವರು ಕಲ್ಕತ್ತ ನಗರದಲ್ಲಿ ವಿದ್ಯುತ್ಕಾಂತೀಯ ಅಲೆಗಳನ್ನು ಹೊಮ್ಮಿಸಿ, ತಂತಿಯ ನೆರವಿಲ್ಲದೆ ದೂರದಲ್ಲಿದ್ದ ಗಂಟೆಯನ್ನು ಬಾರಿಸಿದರು, ಸಿಡಿಮದ್ದನ್ನೂ ಸಿಡಿಸಿದರು. ಕೆಲವು ವರ್ಷಗಳ ತರುವಾಯ, 1898ರಲ್ಲಿ, ನಿಕೋಲ ಟೆಸ್ಲಾ ಎಂಬಾತನು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಸಭಾಂಗಣದಲ್ಲಿ ಕೊಳವೊಂದನ್ನು ನಿರ್ಮಿಸಿ, ಅದರಲ್ಲಿ ಪುಟ್ಟ ದೋಣಿಯೊಂದನ್ನು ತೇಲಿಬಿಟ್ಟನು. ಆತನು ದೂರದಲ್ಲಿ ನಿಂತು ಪೆಟ್ಟಿಗೆಯ ಮೇಲಿನ ಹಿಡಿಯನ್ನು ತಿರುಗಿಸಿದರೆ ದೋಣಿಯೂ ತಿರುಗುತ್ತಿತ್ತು. ಅದರ ದೀಪಗಳು ಹೊತ್ತಿ ಆರುತ್ತಿದ್ದವು. ನೆರೆದ ಜನ ಇದನ್ನು ಇಂದ್ರಜಾಲವೆಂದರಂತೆ. ದೋಣಿಯೊಳಗೆ ಪಳಗಿಸಿದ ಕೋತಿಯನ್ನು ಬಚ್ಚಿಟ್ಟಿದ್ದಾನೆಂದು ವಾದಿಸಿದವರೂ ಉಂಟಂತೆ. ಅದೇ ವರ್ಷದ ನವೆಂಬರ್ 8ರಂದು ಟೆಸ್ಲಾನಿಗೆ ಈ ಉಪಾಯಕ್ಕಾಗಿ ಅಮೆರಿಕದ ಪೇಟೆಂಟು ದೊರೆಯಿತು. ಯುದ್ಧನೌಕೆಗಳಿಗೆ ಇದು ಉಪಯೋಗವಾದೀತೆಂದು ಅವನು ಎಣಿಸಿದ್ದನು. ನಡುಮನೆಯಲ್ಲಿ ಕುಳಿತು ಚಿತ್ರ ನೋಡುವವರಿಗೆ ಇದು ಒದಗೀತೆಂಬ ಕಲ್ಪನೆ ಆಗ ಯಾರಿಗೂ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ದೂರದರ್ಶನವೇ ಇನ್ನೂ ಹುಟ್ಟಿರಲಿಲ್ಲ.

ಮನೆಯೊಳಗಿನ ದೂರನಿಯಂತ್ರಣದ ಕಥೆಯು ಒಬ್ಬ ಮನುಷ್ಯನ ಸಿಡುಕಿನಿಂದ ಆರಂಭವಾಗುತ್ತದೆ. ಅಮೆರಿಕದ ಜೆನಿತ್ ಎಂಬ ದೂರದರ್ಶನ ತಯಾರಿಕಾ ಸಂಸ್ಥೆಯ ಮುಖ್ಯಸ್ಥನಾಗಿದ್ದ ಯೂಜೀನ್ ಮೆಕ್‌ಡೊನಾಲ್ಡನಿಗೆ ಜಾಹೀರಾತುಗಳನ್ನು ಕಂಡರಾಗುತ್ತಿರಲಿಲ್ಲ. ಕಾರ್ಯಕ್ರಮದ ನಡುವೆ ನುಗ್ಗಿಬರುವ ಆ ಗದ್ದಲದ ಬಾಯಿಯನ್ನು ಕುಳಿತಲ್ಲಿಂದಲೇ ಮುಚ್ಚಿಸುವ ಸಾಧನವೊಂದನ್ನು ಮಾಡಿಕೊಡಿರೆಂದು ಅವನು ತನ್ನ ಎಂಜಿನಿಯರುಗಳಿಗೆ ಹೇಳಿದನು. 1950ರಲ್ಲಿ ಅವರು ಮಾಡಿದ ಮೊದಲ ಸಾಧನದ ಹೆಸರು ‘ಲೇಜಿ ಬೋನ್ಸ್’; ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಮೈಗಳ್ಳ’. ಅದರಿಂದ ಹೊರಟ ಉದ್ದನೆಯ ತಂತಿ ಕೋಣೆಯ ನೆಲದ ಮೇಲೆ ಹಾದು ದೂರದರ್ಶನಕ್ಕೆ ಸೇರುತ್ತಿತ್ತು. ಓಡಾಡುವವರು ಅದಕ್ಕೆ ಎಡವಿ ಬೀಳುತ್ತಿದ್ದರು.

1955ರಲ್ಲಿ ಅದೇ ಸಂಸ್ಥೆಯ ಯೂಜೀನ್ ಪಾಲಿ (ಇವನ ಹೆಸರೂ ಯೂಜೀನನೇ) ತಂತಿಯನ್ನು ಕಿತ್ತುಹಾಕಿದನು. ಅವನ ಸಾಧನವು ಪಿಸ್ತೂಲಿನ ಆಕಾರದ ಒಂದು ಬ್ಯಾಟರಿ ದೀಪ. ದೂರದರ್ಶನದ ಪರದೆಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗುರುತಿಸುವ ನಾಲ್ಕು ಕೋಶಗಳಿದ್ದವು. ಒಂದೊಂದು ಮೂಲೆಗೆ ಬೆಳಕು ಬಿಟ್ಟರೆ ಒಂದೊಂದು ಕೆಲಸ ನಡೆಯುತ್ತಿತ್ತು. ಉಪಾಯವೇನೋ ಚೆನ್ನಾಗಿತ್ತು, ಆದರೆ ಸೂರ್ಯನಿಗೆ ಆ ವಿಷಯವನ್ನು ತಿಳಿಸಿದವರಿರಲಿಲ್ಲ. ಸಂಜೆಯ ಬಿಸಿಲು ಕಿಟಕಿಯಿಂದ ಇಳಿದು ಪರದೆಯ ಮೂಲೆಯನ್ನು ಮುಟ್ಟಿದರೆ ದೂರದರ್ಶನವು ತನ್ನಷ್ಟಕ್ಕೆ ತಾನೇ ವಾಹಿನಿಯನ್ನು ಬದಲಿಸಿಬಿಡುತ್ತಿತ್ತು.

ಮರುವರ್ಷವೇ, ಎಂದರೆ 1956ರಲ್ಲಿ, ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದಿದ್ದ ರಾಬರ್ಟ್ ಆಡ್ಲರ್ ಎಂಬ ಭೌತವಿಜ್ಞಾನಿಯು ಬೆಳಕನ್ನು ಬಿಟ್ಟು ಶಬ್ದವನ್ನು ಹಿಡಿದನು. ಅವನ ಸಾಧನದಲ್ಲಿ ಬ್ಯಾಟರಿಯೂ ಇರಲಿಲ್ಲ. ಬ್ಯಾಟರಿ ಬರಿದಾದರೆ ಕೊಂಡವರು ದೂರದರ್ಶನವೇ ಕೆಟ್ಟಿತೆಂದು ಅಂಗಡಿಗೆ ಬಂದಾರು ಎಂಬ ಅಂಜಿಕೆ ಮಾರಾಟಗಾರರಿಗಿತ್ತು. ಆದುದರಿಂದ ಆಡ್ಲರನು ಸುಮಾರು ಎರಡೂವರೆ ಅಂಗುಲ ಉದ್ದದ ನಾಲ್ಕು ಅಲ್ಯುಮಿನಿಯಂ ಸರಳುಗಳನ್ನು ಪೆಟ್ಟಿಗೆಯೊಳಗೆ ಜೋಡಿಸಿದನು. ಗುಂಡಿಯನ್ನು ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಸರಳಿನ ತುದಿಯನ್ನು ಬಡಿಯುತ್ತಿತ್ತು. ಪ್ರಯೋಗಶಾಲೆಯಲ್ಲಿ ನೀವು ಶ್ರುತಿಕವೆಯನ್ನು ಬಡಿದು ಅದರ ನಾದವನ್ನು ಕೇಳಿರಬಹುದು. ಇದೂ ಅದೇ ತತ್ತ್ವ. ಆದರೆ ನಮ್ಮ ಕಿವಿ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನಗಳಿಗಿಂತ ಮೇಲಿನ ಶಬ್ದವನ್ನು ಗ್ರಹಿಸಲಾರದು. ಈ ಸರಳುಗಳು ಅದರ ಸುಮಾರು ಇಮ್ಮಡಿ ವೇಗದಲ್ಲಿ ಕಂಪಿಸುತ್ತಿದ್ದವು. ಸರಳುಗಳ ಉದ್ದದಲ್ಲಿ ತುಸು ತುಸು ವ್ಯತ್ಯಾಸವಿದ್ದುದರಿಂದ ಒಂದೊಂದರದು ಒಂದೊಂದು ಸ್ವರ. ದೂರದರ್ಶನದ ಯಂತ್ರಕ್ಕೆ ಮಾತ್ರ ಕೇಳುವ ನಾಲ್ಕು ಸ್ವರಗಳ ಆ ಸಂಗೀತವು ಕಾಲು ಶತಮಾನದ ಕಾಲ ಅಮೆರಿಕದ ಮನೆಗಳಲ್ಲಿ ನಡೆಯಿತು. ಮನೆಯ ನಾಯಿಗಳಿಗೂ ಅದು ಕೇಳಿಸುತ್ತಿತ್ತೆಂಬುದು ಬೇರೆ ಮಾತು. ಕೀಲಿಕೈಗಳ ಗೊಂಚಲು ಝಣತ್ಕರಿಸಿದರೆ ಕೆಲವೊಮ್ಮೆ ವಾಹಿನಿ ಬದಲಾಗುತ್ತಿದ್ದುದೂ ಉಂಟು.

ನಮ್ಮಲ್ಲಿ ಕಥೆ ಬೇರೆಯಾಗಿತ್ತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ದೇಶದಲ್ಲಿ ಬಣ್ಣದ ಪ್ರಸಾರ ಮೊದಲಾದದ್ದು ಮರುವರ್ಷ, ಏಷ್ಯಾ ಕ್ರೀಡಾಕೂಟದ ಸಮಯದಲ್ಲಿ. ಆ ದಿನಗಳ ದೂರನಿಯಂತ್ರಣವನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿ ತಿಳಿಯಿರಿ. ಮಾಳಿಗೆಯ ಮೇಲೆ ಒಬ್ಬನು ಆಂಟೆನಾ ತಿರುಗಿಸುತ್ತ “ಬಂತೇ?” ಎಂದು ಕೂಗುವನು, ಕಿಟಕಿಯ ಬಳಿ ನಿಂತ ಇನ್ನೊಬ್ಬನು ಅದನ್ನು ಒಳಕ್ಕೆ ದಾಟಿಸುವನು, ಪರದೆಯ ಮುಂದೆ ಕುಳಿತ ಅಜ್ಜಿ “ಬಂತು, ಬಂತು… ಅಯ್ಯೋ, ಹೋಯಿತಪ್ಪ” ಎನ್ನುವಳು. ಸಂದೇಶ ಹೋಗುವುದು, ಉತ್ತರ ಮರಳುವುದು, ಅದಕ್ಕೆ ತಕ್ಕಂತೆ ಮತ್ತೆ ತಿರುಗಿಸುವುದು, ಇವೆಲ್ಲವೂ ಅಲ್ಲಿದ್ದವು. ಇಂದಿನ ಯಂತ್ರಗಳು ಮಾಡುವುದೂ ಇದನ್ನೇ, ಕೂಗಾಟವಿಲ್ಲದೆ.

ಈಗ ನಮ್ಮ ಮನೆಗಳಲ್ಲಿ ‘ರಿಮೋಟು’ ಎಂಬ ಹೆಸರಿನಿಂದ ಬಳಕೆಯಲ್ಲಿರುವ ಸಾಧನಕ್ಕೆ ಬರೋಣ. ‘ದೂರನಿಯಂತ್ರಕ’ವೆಂಬ ಪದವೂ ಉಂಟು, ಅದು ನಿಘಂಟಿನಲ್ಲಿ ಗೌರವದಿಂದ ಕುಳಿತಿದೆ. ಈ ಸಾಧನದ ಬೇರು 1800ನೆಯ ಇಸವಿಯಲ್ಲಿದೆ. ವಿಲಿಯಂ ಹರ್ಷೆಲ್ ಎಂಬ ಖಗೋಳವಿಜ್ಞಾನಿಯು ಪಟ್ಟಕದ ಮೂಲಕ ಬಿಸಿಲನ್ನು ಏಳು ಬಣ್ಣಗಳಾಗಿ ಹರಡಿ, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡುತ್ತಿದ್ದನು. ಕೆಂಪು ಬಣ್ಣದ ಆಚೆಗೆ, ಏನೂ ಕಾಣದ ಜಾಗದಲ್ಲಿ ಇಟ್ಟಾಗಲೂ ಪಾದರಸ ಏರಿತು. ಕಣ್ಣಿಗೆ ಕಾಣದ ಆ ಕಿರಣಗಳೇ ಅವಕೆಂಪು ಕಿರಣಗಳು. ರಿಮೋಟಿನ ಮೂತಿಯಲ್ಲಿರುವ ಚಿಕ್ಕ ದೀಪವು ಹೊಮ್ಮಿಸುವುದು ಈ ಕಿರಣಗಳನ್ನು. ನೀವೇ ಪರೀಕ್ಷಿಸಿ ನೋಡಬಹುದು: ರಿಮೋಟಿನ ಮೂತಿಯನ್ನು ಮೊಬೈಲು ಫೋನಿನ ಕ್ಯಾಮೆರಾಕ್ಕೆ ಹಿಡಿದು ಗುಂಡಿಯನ್ನೊತ್ತಿದರೆ, ಬರಿಗಣ್ಣಿಗೆ ಕಾಣದ ದೀಪವು ಪರದೆಯ ಮೇಲೆ ನಸುನೇರಳೆಯಾಗಿ ಮಿನುಗುವುದು ಕಾಣುತ್ತದೆ. ಕೆಲವು ಫೋನುಗಳ ಹಿಂದಿನ ಕ್ಯಾಮೆರಾ ಈ ಕಿರಣಗಳನ್ನು ಸೋಸಿಬಿಡುತ್ತದೆ. ಆಗ ಮುಂದಿನದರಲ್ಲಿ ನೋಡಬೇಕು.

ಬಿಸಿಲಿನಲ್ಲಿಯೂ ಅವಕೆಂಪು ಕಿರಣಗಳಿವೆ, ಒಲೆಯ ಬೆಂಕಿಯಲ್ಲಿಯೂ ಇವೆ. ಹಾಗಿದ್ದರೆ ಪಾಲಿಯ ಸಾಧನಕ್ಕೆ ಬಂದ ಕಷ್ಟವೇ ಇದಕ್ಕೂ ಬರಬೇಡವೇ? ಬರುವುದಿಲ್ಲ. ರಿಮೋಟಿನ ದೀಪವು ಸುಮ್ಮನೆ ಬೆಳಗುವುದಿಲ್ಲ. ಸೆಕೆಂಡಿಗೆ ಸುಮಾರು ಮೂವತ್ತೆಂಟು ಸಾವಿರ ಸಲ ಮಿಡಿಯುತ್ತದೆ. ದೂರದರ್ಶನದ ಕಣ್ಣು ಆ ಮಿಡಿತವುಳ್ಳ ಬೆಳಕನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಸೂರ್ಯನನ್ನು ಕಡೆಗಣಿಸುತ್ತದೆ. ಈ ಮಿಡಿತವನ್ನು ಬಿಟ್ಟು ಬಿಟ್ಟು ಕಳುಹಿಸುವುದರಿಂದ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಗಳ ಭಾಷೆ ಸಿದ್ಧವಾಗುತ್ತದೆ. ಬಹಳ ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಒಂದು ಅಪ್ಪಣೆಗೆ ಮೂವತ್ತೆರಡು ಅಂಕಗಳು. ಮೊದಲಿನ ಭಾಗ ಯಾವ ಯಂತ್ರಕ್ಕೆ ಎಂಬ ವಿಳಾಸ. ಉಳಿದುದು ಏನು ಮಾಡಬೇಕೆಂಬ ಆಜ್ಞೆ. ಎರಡನ್ನೂ ಒಮ್ಮೆ ನೇರವಾಗಿ, ಇನ್ನೊಮ್ಮೆ ಸೊನ್ನೆಯ ಕಡೆ ಒಂದು, ಒಂದರ ಕಡೆ ಸೊನ್ನೆ ಇಟ್ಟು ತಿರುಗುಮುರುಗಾಗಿ ಹೇಳಲಾಗುತ್ತದೆ. ಎರಡೂ ತಾಳೆಯಾದರೆ ಮಾತ್ರ ಯಂತ್ರವು ಅಪ್ಪಣೆಯನ್ನು ಪಾಲಿಸುತ್ತದೆ. ಇಷ್ಟೂ ನಡೆಯುವುದು ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ. ನೆರೆಯವರ ರಿಮೋಟಿಗೆ ನಮ್ಮ ದೂರದರ್ಶನ ಸಾಮಾನ್ಯವಾಗಿ ಕದಲದಿರುವುದಕ್ಕೆ ವಿಳಾಸವೊಂದೇ ಕಾರಣವಲ್ಲ. ಅವಕೆಂಪು ಕಿರಣವು ಬೆಳಕಿನ ಜಾತಿಯದಾದುದರಿಂದ ಗೋಡೆಯನ್ನು ದಾಟಲಾರದು.

ಗೋಡೆಯನ್ನು ದಾಟಬೇಕಾದರೆ ರೇಡಿಯೋ ಅಲೆಗಳು ಬೇಕು. ಮನೆಗಳಲ್ಲಿ ವೈ-ಫೈ ಎಂದು ಕರೆಯುವ ವ್ಯವಸ್ಥೆಯು ಬಳಸುವುದು ಇವನ್ನೇ. ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುವ, ಹನ್ನೆರಡೂವರೆ ಸೆಂಟಿಮೀಟರ್ ಉದ್ದದ ಅಲೆಗಳು ಗೋಡೆಗಳಲ್ಲಿ ಕ್ಷೀಣಿಸಿದರೂ ಆಚೆಗೆ ಹೋಗುತ್ತವೆ. ಮನೆಯ ಮೂಲೆಯಲ್ಲಿ ಕುಳಿತು ಮಿಣುಕುವ ರೂಟರ್ ಎಂಬ ಪೆಟ್ಟಿಗೆಯು ಈ ವ್ಯವಸ್ಥೆಯ ಕೇಂದ್ರ. ಫೋನು, ದೂರದರ್ಶನ, ಹಾಡುವ ಪೆಟ್ಟಿಗೆ, ದೀಪ, ಫ್ಯಾನು ಎಲ್ಲವೂ ಅದರೊಡನೆ ಮಾತನಾಡುತ್ತವೆ. ಫೋನಿನಲ್ಲಿ ರಿಮೋಟಿನ ಆ್ಯಪನ್ನು ತೆರೆದೊಡನೆ ಅದು ಮೊದಲು ಮಾಡುವ ಕೆಲಸವು ನಿಮ್ಮ ತರಗತಿಯ ಹಾಜರಿಯಂತೆಯೇ ಇರುತ್ತದೆ. “ಇಲ್ಲಿ ಯಾರು ಯಾರು ಇದ್ದೀರಿ?” ಎಂದು ಅದು ಮನೆಯ ಜಾಲಕ್ಕೆಲ್ಲ ಕೇಳುವಂತೆ ಕೂಗುತ್ತದೆ. ದೂರದರ್ಶನವು ತನ್ನ ಹೆಸರನ್ನೂ ತಾನು ಮಾಡಬಲ್ಲ ಕೆಲಸಗಳನ್ನೂ ಹೇಳಿ ಉತ್ತರಿಸುತ್ತದೆ. ಆಗ ಫೋನಿನ ಗಾಜಿನ ಮೇಲೆ ಗುಂಡಿಗಳ ಚಿತ್ರ ಮೂಡುತ್ತದೆ. ರಿಮೋಟು ಮಾತನಾಡಬಲ್ಲದು, ಉತ್ತರವನ್ನು ಕೇಳಲಾರದು. ಫೋನಾದರೋ ಕೇಳಿಸಿಕೊಳ್ಳುತ್ತದೆ, ದೀಪವು ನಿಜವಾಗಿ ಹೊತ್ತಿತೇ ಎಂಬ ವರದಿಯೂ ಅದಕ್ಕೆ ಮರಳಿ ಬರುತ್ತದೆ.

ಮನೆಯಿಂದ ಹೊರಗಿದ್ದಾಗ ಏನಾಗುತ್ತದೆ? ಇಲ್ಲಿ ಎಳೆಯ ದಾರಿಯನ್ನು ಎಚ್ಚರದಿಂದ ಹಿಂಬಾಲಿಸಬೇಕು. ರೂಟರು ಒಳ್ಳೆಯ ದ್ವಾರಪಾಲಕ. ಒಳಗಿನವರು ಹೊರಗೆ ಕಳುಹಿಸಿದ ಪ್ರಶ್ನೆಗೆ ಬರುವ ಉತ್ತರವನ್ನು ಒಳಕ್ಕೆ ಬಿಡುತ್ತದೆ. ಹೊರಗಿನವರು ತಾವಾಗಿ ಬಂದು ಬಾಗಿಲು ತಟ್ಟಿದರೆ ತೆರೆಯುವುದಿಲ್ಲ. ಹೀಗಿರುವುದರಿಂದ ಮುಂಬಯಿಯಲ್ಲಿರುವ ಮಗನ ಫೋನು ಮೈಸೂರಿನ ದೀಪವನ್ನು ನೇರವಾಗಿ ಮಾತನಾಡಿಸಲಾರದು. ಈ ತೊಡಕಿಗೆ ಉಪಕರಣ ತಯಾರಕರು ಒಂದು ಉಪಾಯ ಮಾಡಿದ್ದಾರೆ. ದೀಪವೇ ಮೊದಲು ಹೊರಟು, ತಯಾರಕರ ದೊಡ್ಡ ಗಣಕವನ್ನು, ಎಂದರೆ ಸರ್ವರನ್ನು, ಮಾತಿಗೆಳೆದು ಆ ಸಂಪರ್ಕವನ್ನು ಕಡಿಯದೆ ಇಟ್ಟುಕೊಂಡಿರುತ್ತದೆ. ಕಾಗದ ಬಂದೊಡನೆ ತರಲೆಂದು ಅಂಚೆಕಚೇರಿಯ ಕಿಟಕಿಯ ಬಳಿ ಹಗಲಿರುಳೂ ಒಬ್ಬ ಆಳನ್ನು ನಿಲ್ಲಿಸಿದಂತೆ ಇದು. ಮಗನ ಬೆರಳಿನ ಅಪ್ಪಣೆಯು ಸರ್ವರಿಗೆ ಹೋಗುತ್ತದೆ; ಅಲ್ಲಿ ಇವನು ಆ ಮನೆಯವನೇ ಹೌದೇ ಎಂಬ ವಿಚಾರಣೆ ನಡೆಯುತ್ತದೆ; ಬಳಿಕ ಕಾದು ನಿಂತ ಆಳಿನ ಕೈಗೆ ಅಪ್ಪಣೆ ಸಿಗುತ್ತದೆ. ಸರ್ವರು ಯಾವ ದೇಶದಲ್ಲಾದರೂ ಇರಬಹುದು. ಕೆಲವು ಅಗ್ಗದ ಉಪಕರಣಗಳಂತೂ ಮನೆಯೊಳಗೇ ಹತ್ತು ಹೆಜ್ಜೆ ದೂರದಲ್ಲಿ ನಿಂತು ಹೇಳಿದ ಮಾತನ್ನೂ ಸಮುದ್ರದಾಚೆಗೆ ಕಳುಹಿಸಿ ತರಿಸಿಕೊಂಡೇ ಪಾಲಿಸುತ್ತವೆ.

ಇದೇ ವಿದ್ಯೆ ನಮ್ಮ ಹೊಲಗಳಿಗೂ ಬಂದಿದೆ. ಬಯಲುಸೀಮೆಯ ರೈತನಿಗೆ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಸರದಿಯ ಮೇಲೆ ಬರುತ್ತದೆ. ಎಷ್ಟೋ ಸಲ ಅದು ರಾತ್ರಿಯ ಸರದಿ. ಬ್ಯಾಟರಿ ಹಿಡಿದು, ಬದುವಿನ ಮೇಲೆ ಹಾವುಚೇಳುಗಳ ನಡುವೆ ನಡೆದು ಹೋಗಿ ನೋಡಿದರೆ ಕರೆಂಟು ಹೋಗಿರುತ್ತದೆ. ಈಗ ಸ್ಟಾರ್ಟರಿನ ಪಕ್ಕದಲ್ಲಿ ಸಿಮ್ ಕಾರ್ಡುಳ್ಳ ಒಂದು ಪೆಟ್ಟಿಗೆಯನ್ನು ಕೂಡಿಸುತ್ತಾರೆ. ಕರೆಂಟು ಬಂದಿದೆಯೆಂದು ಅದೇ ಫೋನಿಗೆ ತಿಳಿಸುತ್ತದೆ. ಮಂಚದ ಮೇಲಿಂದಲೇ ಮೋಟಾರನ್ನು ಹೊರಡಿಸಬಹುದು. ಬಾವಿಯಲ್ಲಿ ನೀರು ತಳ ಕಂಡರೆ ಮೋಟಾರು ಸುಡದಂತೆ ನಿಲ್ಲಿಸುವ ಏರ್ಪಾಟೂ ಕೆಲವುಗಳಲ್ಲಿದೆ. ಹಾಡಿನ ಪೆಟ್ಟಿಗೆಯ ಸದ್ದನ್ನು ಏರಿಸಿ ಇಳಿಸುವುದಕ್ಕಿಂತ ಇದು ಎಷ್ಟೋ ಮೇಲಾದ ಉಪಯೋಗವೆಂದು ನನಗೆ ತೋರುತ್ತದೆ.

ಕುಳಿತಲ್ಲಿಂದ ಏಳಲಾರದವರ ಮಾತು ಇನ್ನೂ ಮುಖ್ಯವಾದದ್ದು. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಕೈಕಾಲುಗಳ ಸ್ವಾಧೀನವನ್ನು ಕಳೆದುಕೊಂಡ ರೋಗಿಗಳನ್ನು ಕಂಡ ರೆಜ್ ಮೇಲಿಂಗ್ ಎಂಬಾತನು ಅವರಿಗಾಗಿ ಒಂದು ಯಂತ್ರವನ್ನು ರೂಪಿಸಿದನು. ತುಟಿಯ ಬಳಿಯಿರುವ ನಳಿಕೆಯಲ್ಲಿ ಉಸಿರನ್ನು ಊದಿ, ಹೀರಿ, ರೋಗಿಯು ಗಂಟೆ ಬಾರಿಸಬಹುದಾಗಿತ್ತು, ದೀಪ ಹೊತ್ತಿಸಬಹುದಾಗಿತ್ತು, ರೇಡಿಯೋ ಹಾಕಬಹುದಾಗಿತ್ತು, ಬೆರಳಚ್ಚು ಯಂತ್ರದಲ್ಲಿ ಕಾಗದವನ್ನೂ ಬರೆಯಬಹುದಾಗಿತ್ತು. ಆ ಯಂತ್ರಕ್ಕೆ ‘ಪೋಸಮ್’ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ‘ನಾನು ಬಲ್ಲೆ, ನನ್ನಿಂದ ಆಗುತ್ತದೆ’ ಎಂಬ ಅರ್ಥವಿದೆ. ದೀಪವನ್ನು ಆರಿಸಲು ಪ್ರತಿ ರಾತ್ರಿಯೂ ಇನ್ನೊಬ್ಬರನ್ನು ಕರೆಯಬೇಕಾದವನಿಗೆ ಆ ದೀಪದ ಗುಂಡಿ ತನ್ನದೇ ವಶಕ್ಕೆ ಬಂದರೆ ಆಗುವ ಸಮಾಧಾನವನ್ನು ಆರೋಗ್ಯವಂತರು ಊಹಿಸುವುದು ಕಷ್ಟ.

ಇಷ್ಟಾದರೂ ಈ ಕಾಣದ ಎಳೆಯ ಇನ್ನೊಂದು ತುದಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಬಿಡುವಂತಿಲ್ಲ. ಅಮೆರಿಕದಲ್ಲಿ ‘ರಿವಾಲ್ವ್’ ಎಂಬ ಪೆಟ್ಟಿಗೆಯೊಂದು ಮಾರಾಟದಲ್ಲಿತ್ತು. ಬೆಲೆ ಸುಮಾರು 300 ಡಾಲರು. ಮನೆಯ ದೀಪ, ಬೀಗ, ಪರದೆಗಳನ್ನೆಲ್ಲ ಒಂದೇ ಆ್ಯಪಿನಿಂದ ನಡೆಸುವ ಕೆಲಸ ಅದರದು. 2014ರಲ್ಲಿ ನೆಸ್ಟ್ ಎಂಬ ಸಂಸ್ಥೆಯು ಅದರ ತಯಾರಕರನ್ನು ಕೊಂಡುಕೊಂಡಿತು. 2016ರ ಮೇ 15ರಂದು ಅದರ ಸರ್ವರನ್ನು ನಿಲ್ಲಿಸಲಾಯಿತು. ಹಣ ಕೊಟ್ಟು ಕೊಂಡವರ ಮನೆಗಳಲ್ಲಿ ಪೆಟ್ಟಿಗೆ ಇದ್ದ ಹಾಗೆಯೇ ಇತ್ತು. ಅದರ ಒಂದು ತಂತಿಯೂ ಸುಟ್ಟಿರಲಿಲ್ಲ. ಆದರೂ ಅದು ನಿಷ್ಪ್ರಯೋಜಕವಾಯಿತು. ಕೊಡಲಿಯನ್ನು ಮಾಡಿಕೊಟ್ಟ ಕಮ್ಮಾರನು ಕುಲುಮೆ ಮುಚ್ಚಿದ ದಿನವೇ ಊರಿನ ಕೊಡಲಿಗಳೆಲ್ಲ ಮೊಂಡಾದರೆ ಹೇಗೋ ಹಾಗೆ.

ಅದೇ 2016ರಲ್ಲಿ ಇನ್ನೊಂದು ಘಟನೆ ನಡೆಯಿತು. ಕಾರ್ಖಾನೆಯಿಂದ ಬರುವಾಗ ಕ್ಯಾಮೆರಾ, ರೂಟರ್ ಮೊದಲಾದವುಗಳಿಗೆ ಸುಲಭವಾದ ಗುಪ್ತಪದವೊಂದನ್ನು ಇಟ್ಟಿರುತ್ತಾರೆ. ಕೊಂಡವರು ಅದನ್ನು ಬದಲಿಸಬೇಕು, ಬಹುಮಂದಿ ಬದಲಿಸುವುದಿಲ್ಲ. ಅಂಥ ಅರವತ್ತಕ್ಕೂ ಹೆಚ್ಚು ಗುಪ್ತಪದಗಳ ಪಟ್ಟಿಯನ್ನಿಟ್ಟುಕೊಂಡು ‘ಮಿರಾಯ್’ ಎಂಬ ಕೇಡಿನ ಪ್ರೋಗ್ರಾಮು ಲಕ್ಷಾಂತರ ಉಪಕರಣಗಳೊಳಗೆ ಹೊಕ್ಕಿತು. ಅಕ್ಟೋಬರ್ 21ರಂದು ಆ ಉಪಕರಣಗಳ ದಂಡು ಇಂಟರ್‌ನೆಟ್ಟಿನ ವಿಳಾಸಗಳನ್ನು ತಿಳಿಸುವ ಅಮೆರಿಕದ ಡೈನ್ ಸಂಸ್ಥೆಯ ಮೇಲೆ ಒಮ್ಮೆಲೇ ಮುಗಿಬಿದ್ದುದರಿಂದ ಹೆಸರಾಂತ ಎಷ್ಟೋ ತಾಣಗಳು ಗಂಟೆಗಟ್ಟಲೆ ತೆರೆಯದಾದವು. ಉಪಕರಣಗಳ ಒಡೆಯರಿಗೆ ತಮ್ಮ ಮನೆಯ ಕ್ಯಾಮೆರಾ ಇನ್ನೊಬ್ಬರ ಮೇಲೆ ದಾಳಿಗೆ ಹೋಗಿದೆಯೆಂಬುದರ ಸುಳಿವೂ ಇರಲಿಲ್ಲ.

ಮನೆಯೊಳಗಿನ ನ್ಯಾಯವೂ ಉಂಟು. ಆ್ಯಪು ಸಾಮಾನ್ಯವಾಗಿ ಒಬ್ಬರ ಹೆಸರಿನಲ್ಲಿರುತ್ತದೆ. ಮನೆಯಲ್ಲಿ ವಾಸಿಸುವವರು ನಾಲ್ಕು ಮಂದಿ. ಬೇರೆಯಾಗಿ ಹೋದ ಗಂಡನು ದೂರದಿಂದಲೇ ದೀಪ ಆರಿಸುತ್ತಾನೆ, ನಡುರಾತ್ರಿಯಲ್ಲಿ ಹಾಡು ಹಚ್ಚುತ್ತಾನೆ, ಬೀಗದ ಅಂಕಿಗಳನ್ನು ಬದಲಿಸುತ್ತಾನೆ ಎಂದು ಹೆಂಗಸರು ದೂರಿಕೊಂಡುದನ್ನು 2018ರಲ್ಲಿ ಅಮೆರಿಕದ ಪತ್ರಿಕೆಗಳು ವಿವರವಾಗಿ ಬರೆದವು. ಗೋಡೆಯ ಮೇಲಿನ ಗುಂಡಿಯನ್ನು ಒತ್ತುವವರು ಕಣ್ಣೆದುರಿಗೇ ಇರುತ್ತಾರೆ. ಆ್ಯಪಿನ ಗುಂಡಿಯನ್ನು ಒತ್ತಿದವರು ಯಾರೆಂಬುದು ಕತ್ತಲಲ್ಲಿ ಕುಳಿತವರಿಗೆ ತಿಳಿಯದು. ಆದುದರಿಂದ ಗೋಡೆಯ ಗುಂಡಿಯನ್ನು ಕಿತ್ತು ಎಲ್ಲವನ್ನೂ ಫೋನಿಗೆ ಒಪ್ಪಿಸುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಮನೆಯ ಮಗುವಿಗೂ ಅಜ್ಜಿಗೂ ಎಟುಕುವ ಗುಂಡಿಯೊಂದು ಇರಲೇಬೇಕು.

ಕಾದು ನಿಲ್ಲುವ ಆಳಿಗೆ ಕೂಲಿಯೂ ಉಂಟು. ಅಪ್ಪಣೆಯನ್ನು ಎದುರುನೋಡುತ್ತ ಎಚ್ಚರವಾಗಿರುವ ಉಪಕರಣವು ಕೆಲಸ ಮಾಡದಿರುವಾಗಲೂ ವಿದ್ಯುತ್ತನ್ನು ತಿನ್ನುತ್ತದೆ. ಒಂದು ಪೆಟ್ಟಿಗೆಯು ಹೀಗೆ 5 ವಾಟ್ ಬಳಸುವುದೆಂದಿಟ್ಟುಕೊಳ್ಳಿ. ದಿನಕ್ಕೆ 120 ವಾಟ್-ಗಂಟೆ. ವರ್ಷಕ್ಕೆ ಸುಮಾರು 44 ಯೂನಿಟ್ಟು. ಅಂಥವು ಐದಿದ್ದರೆ ಎಷ್ಟೆಂಬುದನ್ನು ನೀವೇ ಗುಣಿಸಿ, ಮನೆಯ ಕರೆಂಟು ಬಿಲ್ಲಿನೊಡನೆ ಹೋಲಿಸಿ ನೋಡಬಹುದು. ಯೂರೋಪಿನ ಒಕ್ಕೂಟವು ಗೃಹೋಪಯೋಗಿ ಉಪಕರಣಗಳು ಸುಮ್ಮನೆ ಕಾಯುವಾಗ ಬಳಸುವ ವಿದ್ಯುತ್ತಿಗೆ 2010ರಲ್ಲಿ 1 ವಾಟ್, 2013ರಲ್ಲಿ ಅದರ ಅರ್ಧ ಎಂಬ ಮಿತಿಯನ್ನು ಹಾಕಿತು. ಜಾಲದೊಡನೆ ಸದಾ ಮಾತನಾಡುವ ಉಪಕರಣಗಳಿಗೆ ಮಾತ್ರ ಅಷ್ಟರಲ್ಲಿ ಸಾಲದು.

ತಯಾರಕನಿಗೊಂದು ಆ್ಯಪು, ಪ್ರತಿ ಆ್ಯಪಿಗೊಂದು ಸರ್ವರು ಎಂಬ ಗೊಂದಲದಿಂದ ತಯಾರಕರೇ ಬೇಸತ್ತಿರುವ ಚಿಹ್ನೆಗಳಿವೆ. ಹಲವು ದೊಡ್ಡ ಸಂಸ್ಥೆಗಳು ಕೂಡಿ ಉಪಕರಣಗಳಿಗೆ ಒಂದು ಸಮಾನ ಭಾಷೆಯನ್ನು ರಚಿಸಿ, 2022ರ ಅಕ್ಟೋಬರಿನಲ್ಲಿ ‘ಮ್ಯಾಟರ್’ ಎಂಬ ಹೆಸರಿನಿಂದ ಪ್ರಕಟಿಸಿದವು. ಈ ಭಾಷೆಯನ್ನು ಬಲ್ಲ ದೀಪಕ್ಕೂ ಫೋನಿಗೂ, ಅವುಗಳ ತಯಾರಕರು ಬೇರೆ ಬೇರೆಯಾದರೂ, ಮನೆಯ ಜಾಲದೊಳಗೇ ನೇರವಾಗಿ ಮಾತು ನಡೆಯುತ್ತದೆ. ಹತ್ತು ಹೆಜ್ಜೆಯ ಅಪ್ಪಣೆ ಹತ್ತು ಹೆಜ್ಜೆಯಲ್ಲೇ ಮುಗಿಯುತ್ತದೆ. ಹೊರಗಿನ ಇಂಟರ್‌ನೆಟ್ಟು ಕಡಿದುಹೋದ ದಿನವೂ ದೀಪ ಹೊತ್ತುತ್ತದೆ. ಅಂಥ ಉಪಕರಣಗಳ ಪೆಟ್ಟಿಗೆಯ ಮೇಲೆ ಮೂರು ಬಾಣಗಳು ಒಂದೇ ನಡುವಿನ ಕಡೆಗೆ ಮುಖಮಾಡಿರುವ ಗುರುತೊಂದು ಇರುತ್ತದೆ. ಆ ಗುರುತು ಇಲ್ಲದ ಉಪಕರಣವನ್ನು ಕೊಳ್ಳುವವರು, ಅಂಗಡಿಯಲ್ಲಿಯೇ ಅದನ್ನು ಹೊತ್ತಿಸಿ, ಇಂಟರ್‌ನೆಟ್ಟನ್ನು ಒಂದು ಕ್ಷಣ ತಪ್ಪಿಸಿ, ಅದು ಆಗಲೂ ಮಾತು ಕೇಳುತ್ತದೆಯೇ ಎಂದು ನೋಡಿಕೊಂಡು ಹಣ ಕೊಡಬಹುದು.